ಸಿನಿಮಾ ಓದಬೇಕಾದರೆ ಸಿನಿಮಾ ಉಳಿದಿರಬೇಕು

ಪದವಿ ಮುಗಿಸಿದ ಮಕ್ಕಳು ಎಂ.ಎ. ಪ್ರವೇಶಕ್ಕೆ ಅರ್ಜಿ ಹಾಕುವ ದಿನಗಳಲ್ಲಿ ಈಚೆಗೆ ಕೆಲವು ಮನೆಗಳಲ್ಲಿ ಒಂದು ಹೊಸ ವಾದ ಏಳುತ್ತದೆ. ಮಗಳು ಫಿಲ್ಮ್ ಸ್ಟಡೀಸ್ ಓದುತ್ತೇನೆ ಅನ್ನುತ್ತಾಳೆ. 'ಡೈರೆಕ್ಟರ್ ಆಗ್ತೀಯೇನಮ್ಮಾ?' ಎಂದು ಅಪ್ಪ ಕೇಳುತ್ತಾರೆ. 'ಇಲ್ಲ ಅಪ್ಪಾ, ಸಿನಿಮಾದ ಚರಿತ್ರೆ, ಸಿದ್ಧಾಂತ ಓದೋದು' ಎಂದರೆ ಅವರ ದಿಗಿಲು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಸಿನಿಮಾ ಮಾಡುವುದಾದರೂ ಒಂದು ಕೆಲಸ. ಅದರ ಚರಿತ್ರೆ ಓದಿ ಮಾಡುವುದೇನು? ಸಿನಿಮಾ ನೋಡುವುದಕ್ಕೆ ಯೂನಿವರ್ಸಿಟಿ ಬೇಕೇ? ಹೀಗೆ ಕೇಳುವವರನ್ನು ನಾನು ತಪ್ಪೆನ್ನಲಾರೆ. ಆ ತರಗತಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ.

ಮೊದಲು ಒಂದು ಗೊಂದಲ ತಿಳಿಯಾಗಬೇಕು. ಸಿನಿಮಾದ ಕಸುಬು ಕಲಿಸುವ ಶಿಕ್ಷಣ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಛಾಯಾಗ್ರಹಣದ ಡಿಪ್ಲೊಮಾ ಇತ್ತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತು 1946ರಲ್ಲಿ ಹೊರಬಂದರು. ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳ ಬೆಳಕು ಅವರದು. ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಇಂಥ ಶಾಲೆ ದೀಪವನ್ನು ಎಲ್ಲಿ ಇಡಬೇಕು, ಲೆನ್ಸ್ ಯಾವುದು ಹಾಕಬೇಕು ಎಂದು ಕಲಿಸುತ್ತದೆ. ವಿಶ್ವವಿದ್ಯಾಲಯದ ಸಿನಿಮಾ ಅಧ್ಯಯನದ ಪ್ರಶ್ನೆಗಳೇ ಬೇರೆ. ಆ ಬೆಳಕು ನೋಡುವವರ ಮನಸ್ಸಿನಲ್ಲಿ ಏನು ಮಾಡಿತು? ಆ ಕಾಲಕ್ಕೆ ಅಂಥ ಬೆಳಕು ಯಾಕೆ ಬೇಕಾಯಿತು? ಅದಕ್ಕೂ ಮೊದಲು ಮುಖಗಳನ್ನು ಹೇಗೆ ತೋರಿಸುತ್ತಿದ್ದರು? ಕನ್ನಡ ಎಂ.ಎ. ತರಗತಿಯಲ್ಲಿ ಕುವೆಂಪು ಕಾದಂಬರಿಯ ಪಾಠ ಕೇಳಿದವರೆಲ್ಲ ಕಾದಂಬರಿಕಾರರಾಗಲಿ ಎಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೂ ಆ ಪಾಠ ಬೇಕು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಸಿನಿಮಾದ ವಿಷಯಕ್ಕೆ ಬಂದಾಗ ಮಾತ್ರ ಅನುಮಾನ ಹುಟ್ಟುತ್ತದೆ.

ಚರಿತ್ರೆಯ ಪಾಠ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಲೋಕದ ಅನೇಕ ಸಿನಿಮಾ ವಿಭಾಗಗಳಲ್ಲಿ ಇದನ್ನು ಒಂದಲ್ಲ ಒಂದು ಹಂತದಲ್ಲಿ ಹೇಳಿಕೊಡುತ್ತಾರೆ. 1903ರಲ್ಲಿ ಅಮೆರಿಕದ ಎಡಿಸನ್ ಕಂಪನಿಗಾಗಿ ಎಡ್ವಿನ್ ಪೋರ್ಟರ್ ಎಂಬಾತ 'ಲೈಫ್ ಆಫ್ ಆನ್ ಅಮೆರಿಕನ್ ಫೈರ್‌ಮ್ಯಾನ್' ಎಂಬ ಕೆಲವೇ ನಿಮಿಷಗಳ ಮೂಕಿ ಚಿತ್ರ ಮಾಡಿದ. ಗಂಟೆ ಮೊಳಗುತ್ತದೆ, ಅಗ್ನಿಶಾಮಕದವರು ಎದ್ದು ಓಡುತ್ತಾರೆ, ಕುದುರೆ ಗಾಡಿಗಳು ಧಾವಿಸುತ್ತವೆ, ಉರಿಯುವ ಮನೆಯಿಂದ ತಾಯಿಯನ್ನೂ ಮಗುವನ್ನೂ ಕಾಪಾಡುತ್ತಾರೆ. ಕಥೆ ಇಷ್ಟೇ. ಈ ಚಿತ್ರ ಹೆಸರಾದದ್ದು ಅದರ ಕೊನೆಯ ಭಾಗದಿಂದ. ಕೋಣೆಯ ಒಳಗೆ ಹೊಗೆಯಲ್ಲಿ ತತ್ತರಿಸುವ ತಾಯಿ, ಕಟ್, ಹೊರಗೆ ಏಣಿ ಹಾಕುವ ಸಿಬ್ಬಂದಿ, ಕಟ್, ಮತ್ತೆ ಒಳಗೆ, ಮತ್ತೆ ಹೊರಗೆ. ಹೀಗೆ ಏಕಕಾಲದ ಎರಡು ಕ್ರಿಯೆಗಳನ್ನು ಹೆಣೆದು ತೋರಿಸುವ ಸಂಕಲನವನ್ನು ಮೊದಲು ಕಂಡುಕೊಂಡವನು ಪೋರ್ಟರ್ ಎಂದು ಹಳೆಯ ಚರಿತ್ರೆಕಾರರು ಬರೆದರು. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದ್ದ ಪ್ರಿಂಟು ಅದಕ್ಕೆ ಸಾಕ್ಷಿ ಹೇಳುವಂತೆಯೇ ಇತ್ತು. ಪುಸ್ತಕದಿಂದ ಪುಸ್ತಕಕ್ಕೆ ಈ ಮಾತು ದಾಟುತ್ತ ಹೋಯಿತು.

ಇದೇ ಚಿತ್ರದ ಇನ್ನೊಂದು ಪ್ರತಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿತ್ತು, ಕಾಗದದ ಮೇಲೆ. 1912ರವರೆಗೆ ಅಮೆರಿಕದ ಕೃತಿಸ್ವಾಮ್ಯ ಕಾನೂನಿನಲ್ಲಿ ಚಲನಚಿತ್ರ ಎಂಬ ಬಾಬ್ತೇ ಇರಲಿಲ್ಲ. ಛಾಯಾಚಿತ್ರಕ್ಕೆ ಮಾತ್ರ ರಕ್ಷಣೆ ಇತ್ತು. ಆದ್ದರಿಂದ ನಿರ್ಮಾಪಕರು ಇಡೀ ಸಿನಿಮಾವನ್ನು ಉದ್ದನೆಯ ಕಾಗದದ ಸುರುಳಿಯಲ್ಲಿ ಫೋಟೊಗಳಂತೆ ಅಚ್ಚು ಹಾಕಿಸಿ ನೋಂದಣಿಗೆ ಕೊಡುತ್ತಿದ್ದರು. ಫಿಲ್ಮುಗಳು ಸುಟ್ಟು, ಕೊಳೆತು, ಪುಡಿಯಾಗಿ ಹೋದವು. ಕಚೇರಿಯ ದಾಖಲೆಗೆಂದು ಇಟ್ಟ ಕಾಗದ ಉಳಿಯಿತು. ಆ ಕಾಗದದ ಪ್ರತಿಯನ್ನು ಮತ್ತೆ ಫಿಲ್ಮಿಗೆ ಇಳಿಸಿ ನೋಡಿದಾಗ ಒಳಗನ್ನೂ ಹೊರಗನ್ನೂ ಸೇರಿಸುವ ಹೆಣಿಗೆ ಇರಲೇ ಇಲ್ಲ. ರಕ್ಷಣೆಯ ದೃಶ್ಯ ಮೊದಲು ಪೂರ್ತಿಯಾಗಿ ಕೋಣೆಯ ಒಳಗಿನಿಂದ ನಡೆಯುತ್ತದೆ. ತಾಯಿಯನ್ನು ಇಳಿಸುತ್ತಾರೆ, ಮಗುವನ್ನು ಇಳಿಸುತ್ತಾರೆ, ಮುಗಿಯಿತು. ಆಮೇಲೆ ಅದೇ ರಕ್ಷಣೆ ಮೊದಲಿನಿಂದ ಮತ್ತೊಮ್ಮೆ, ಈ ಸಲ ಬೀದಿಯಿಂದ ಕಂಡಂತೆ, ಪೂರ್ತಿಯಾಗಿ ನಡೆಯುತ್ತದೆ.

ಎರಡರಲ್ಲಿ ಯಾವುದು ಪೋರ್ಟರ್ ಮಾಡಿದ್ದು? ವಿದ್ವಾಂಸರು ಶಾಟ್ ಶಾಟ್ ಹೋಲಿಸಿ, ಆ ಕಾಲದ ಕಂಪನಿಯ ಕೆಟಲಾಗು ಓದಿ, ಅದೇ ವರ್ಷಗಳ ಬೇರೆ ಚಿತ್ರಗಳನ್ನು ಪಕ್ಕದಲ್ಲಿಟ್ಟು ತೀರ್ಮಾನಕ್ಕೆ ಬಂದರು: ಕಾಗದದ ಪ್ರತಿಯೇ ಮೂಲ. ಹೆಣೆದ ಪ್ರತಿಯನ್ನು ಮುಂದೆ ಯಾರೋ, ಸಿನಿಮಾ ಅಂದರೆ ಹೀಗಿರಬೇಕು ಎಂಬ ತಮ್ಮ ಕಾಲದ ರೂಢಿಗೆ ತಕ್ಕಂತೆ ಕತ್ತರಿಸಿ ಜೋಡಿಸಿದ್ದರು. 1978ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಅಂತಾರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಗಳ ಒಕ್ಕೂಟ ಒಂದು ಸಭೆ ಸೇರಿಸಿತು. 1900ರಿಂದ 1906ರವರೆಗಿನ ನೂರಾರು ಚಿತ್ರಗಳನ್ನು ಸಂಗ್ರಾಹಕರೂ ಸಂಶೋಧಕರೂ ಒಟ್ಟಿಗೆ ಕೂತು ನೋಡಿದರು. ಆರಂಭ ಕಾಲದ ಸಿನಿಮಾ ಎಂದರೆ ಇನ್ನೂ ಮಾತು ಬರದ ಸಿನಿಮಾ, ಮುಂದೆ ಬರಲಿದ್ದ ನಿಜವಾದ ಸಿನಿಮಾದ ಅರೆಬರೆ ಪ್ರಯತ್ನ ಎಂಬ ನಂಬಿಕೆ ಅಲ್ಲಿ ಅಲುಗಾಡಿತು. ಒಂದೇ ಘಟನೆಯನ್ನು ಎರಡು ಸಲ ನೋಡುವುದು 1903ರ ಪ್ರೇಕ್ಷಕರಿಗೆ ತೊಡಕಾಗಿರಲಿಲ್ಲ. ಅವರ ನೋಟಕ್ಕೆ ಅದರದೇ ಕ್ರಮ ಇತ್ತು. ಟಾಮ್ ಗನ್ನಿಂಗ್ ಎಂಬ ವಿದ್ವಾಂಸರು 1986ರಲ್ಲಿ ಅದಕ್ಕೆ ಆಕರ್ಷಣೆಗಳ ಸಿನಿಮಾ ಎಂದು ಹೆಸರಿಟ್ಟರು. ಕಥೆ ಹೇಳುವುದಕ್ಕಿಂತ ಬೆರಗು ತೋರಿಸುವುದೇ ಅದರ ಉದ್ದೇಶ ಎಂದರು.

ಇಷ್ಟು ಉದ್ದಕ್ಕೆ ಇದನ್ನು ಹೇಳಿದ್ದು ಯಾಕೆಂದರೆ, ಚಲನಚಿತ್ರ ಚರಿತ್ರೆಯ ವಿದ್ಯಾರ್ಥಿ ಕಲಿಯುವುದು ಇದನ್ನೇ. ವರ್ಷ, ಹೆಸರು, ಮೊದಲ ಟಾಕಿ, ಮೊದಲ ಕಲರ್ ಎಂದು ಬಾಯಿಪಾಠ ಮಾಡುವುದು ಕ್ವಿಜ್‌ಗೆ ಸಾಕು. ಚರಿತ್ರೆಯ ವಿದ್ಯಾರ್ಥಿ ಕೇಳಬೇಕಾದದ್ದು ಬೇರೆ: ನಾನು ನೋಡುತ್ತಿರುವ ಈ ಪ್ರತಿ ಎಲ್ಲಿಂದ ಬಂತು, ಯಾರು ಕತ್ತರಿಸಿದ್ದು, ಆ ಕಾಲದವರು ಕಂಡದ್ದೂ ಇದೇನಾ? ನಮ್ಮ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ವನ್ನೇ ತೆಗೆದುಕೊಳ್ಳಿ. 1913ರ ಮೇ 3ರಂದು ಮುಂಬೈಯ ಕಾರೋನೇಷನ್ ಚಿತ್ರಮಂದಿರದಲ್ಲಿ ತೆರೆಕಂಡ ನಾಲ್ಕು ರೀಲಿನ ಈ ಚಿತ್ರದ ಮೊದಲ ಮತ್ತು ಕೊನೆಯ ರೀಲು ಮಾತ್ರ ಉಳಿದಿವೆ. ಉಳಿದಿರುವುದು 1913ರದ್ದೋ, 1917ರಲ್ಲಿ ಫಾಲ್ಕೆ ಮತ್ತೆ ತೆಗೆದದ್ದೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಭಾರತೀಯ ಸಿನಿಮಾದ ಹುಟ್ಟು ಎಂದು ನಾವು ಯೂಟ್ಯೂಬಿನಲ್ಲಿ ನೋಡುವ ದೃಶ್ಯದ ಮೇಲೇ ಇಂಥ ಪ್ರಶ್ನೆ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಸಿದ್ಧಾಂತದ ಮಾತಿಗೆ ಬರೋಣ. ಆ ಹೆಸರು ಕೇಳಿದರೇ ಹಲವರು ಹಿಂಜರಿಯುತ್ತಾರೆ. ಆದರೆ ಸಿನಿಮಾ ಸಿದ್ಧಾಂತದ ಒಂದು ಮುಖ್ಯ ಎಳೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಫಿಲ್ಮ್ ಸಿಗದ ಬರಗಾಲದಲ್ಲಿ. 1919ರಲ್ಲಿ ಮಾಸ್ಕೋದಲ್ಲಿ ಲೋಕದ ಮೊದಲ ಸರ್ಕಾರಿ ಸಿನಿಮಾ ಶಾಲೆ ತೆರೆಯಿತು. ಕ್ರಾಂತಿ, ಅಂತರ್ಯುದ್ಧದ ನಡುವೆ ಕಚ್ಚಾ ಫಿಲ್ಮ್ ಸಿಗುತ್ತಿರಲಿಲ್ಲ. ಲೆವ್ ಕುಲೆಶೊವ್ ಎಂಬ ತರುಣ ಮೇಷ್ಟ್ರು ಹಳೆಯ ಫಿಲ್ಮಿನ ತುಂಡುಗಳನ್ನೇ ಜೋಡಿಸಿ ಪ್ರಯೋಗ ಮಾಡಿದರು. ಒಬ್ಬ ನಟನ ಭಾವವಿಲ್ಲದ ಮುಖ, ಅದರ ಪಕ್ಕಕ್ಕೆ ಒಂದು ಸಲ ಊಟದ ತಟ್ಟೆ, ಒಂದು ಸಲ ಶವಪೆಟ್ಟಿಗೆ. ಮುಖ ಅದೇ, ನೋಡಿದವರು ಮಾತ್ರ ಒಮ್ಮೆ ಹಸಿವು ಕಂಡರು, ಒಮ್ಮೆ ದುಃಖ ಕಂಡರು. ಅರ್ಥ ಶಾಟಿನಲ್ಲಿಲ್ಲ, ಎರಡು ಶಾಟುಗಳ ಬೆಸುಗೆಯಲ್ಲಿದೆ ಎಂಬ ತಿಳಿವಳಿಕೆ ಅಲ್ಲಿಂದ ಬಂತು. ನಿರ್ದೇಶಕ ಐಸೆನ್‌ಸ್ಟೀನ್ ಅದನ್ನು ಇನ್ನೂ ಮುಂದಕ್ಕೆ ಒಯ್ದು, ಶಾಟುಗಳು ಡಿಕ್ಕಿ ಹೊಡೆದಾಗ ಹೊಸ ಅರ್ಥ ಹುಟ್ಟುತ್ತದೆ ಎಂದರು. ವಿಚಿತ್ರವೆಂದರೆ ಸಿನಿಮಾ ಪಾಠಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದ ಆ ಕುಲೆಶೊವ್ ಪ್ರಯೋಗದ ಫಿಲ್ಮೂ ಉಳಿದಿಲ್ಲ. ನೋಡಿದವರು, ಮಾಡಿದವರು ಬರೆದ ನೆನಪುಗಳಷ್ಟೇ ಇವೆ, ಅವೂ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ.

ಇದು ದೂರದ ಮಾತಲ್ಲ. ಸಂಜೆ ಟೀವಿ ಧಾರಾವಾಹಿಯಲ್ಲಿ ಅತ್ತೆ ಒಂದು ಮಾತು ಆಡಿದ ಕೂಡಲೇ ಗುಡುಗಿನ ಸದ್ದಿನೊಂದಿಗೆ ಮನೆಮಂದಿಯ ಮುಖಗಳು ಒಂದಾದ ಮೇಲೊಂದು ತುಂಬಿ ಬರುತ್ತವಲ್ಲ, ಆ ನಟರು ಹೆಚ್ಚಿನ ಸಲ ಸುಮ್ಮನೆ ಕಣ್ಣರಳಿಸಿ ನಿಂತಿರುತ್ತಾರೆ. ಸಿಟ್ಟು, ಸಂಚು, ಸಂಕಟವನ್ನು ತುಂಬುವುದು ಬೆಸುಗೆ ಮತ್ತು ನಾವು. ಸುದ್ದಿವಾಹಿನಿಯಲ್ಲಿ ಒಬ್ಬ ನಾಯಕರ ನಗುಮುಖದ ಪಕ್ಕಕ್ಕೆ ಹೊತ್ತಿ ಉರಿಯುವ ಬಸ್ಸಿನ ದೃಶ್ಯ ಇಟ್ಟರೆ ಏನಾಗುತ್ತದೆ ಎಂದು ಯೋಚಿಸಿ. ಕುಲೆಶೊವ್ ಪಾಠ ಓದಿದ ಹುಡುಗಿ ಆ ಕ್ಷಣ ಎಚ್ಚರವಾಗುತ್ತಾಳೆ. ಆ ಎಚ್ಚರವೊಂದಕ್ಕಾಗಿಯೇ ಈ ವಿಷಯ ಪ್ರತಿ ಕಾಲೇಜಿನಲ್ಲೂ ಇರಬೇಕು ಎಂದು ನಾನು ವಾದಿಸುತ್ತೇನೆ.

ಬೆಸುಗೆಯೇ ಎಲ್ಲ ಎಂಬ ಮಾತಿಗೆ ಫ್ರಾನ್ಸಿನ ಆಂದ್ರೆ ಬಜಾನ್ ಎದುರುವಾದ ಹೂಡಿದರು. ಕತ್ತರಿಸದೆ ನೋಡಲು ಬಿಡಿ, ದೃಶ್ಯದ ಆಳದಲ್ಲಿ ಏನಿದೆ ಎಂದು ಪ್ರೇಕ್ಷಕನೇ ಹುಡುಕಿಕೊಳ್ಳಲಿ, ಲೋಕದ ಅಸ್ಪಷ್ಟತೆಯನ್ನು ಸಿನಿಮಾ ಗೌರವಿಸಲಿ ಎಂಬುದು ಅವರ ನಿಲುವು. 1951ರಲ್ಲಿ ಅವರು ಗೆಳೆಯರೊಡನೆ ಕಟ್ಟಿದ 'ಕಾಯೆ ದು ಸಿನೆಮಾ' ಪತ್ರಿಕೆಯಲ್ಲಿ ಬರೆಯುತ್ತಿದ್ದ ತ್ರುಫೊ, ಗೊದಾರ್ ಮುಂದೆ ತಾವೇ ಸಿನಿಮಾ ಮಾಡಿದರು. 1958ರಲ್ಲಿ ಬಜಾನ್ ತೀರಿಕೊಂಡಾಗ ಅವರ ವಯಸ್ಸು ನಲವತ್ತು. ಐಸೆನ್‌ಸ್ಟೀನ್ ಹಾಗೂ ಬಜಾನ್ ನಡುವಣ ಈ ಜಗಳ ಇನ್ನೂ ಮುಗಿದಿಲ್ಲ. ಮುಗಿಯದಿರುವುದೇ ಒಳ್ಳೆಯದು, ಯಾಕೆಂದರೆ ಒಂದೊಂದು ಚಿತ್ರವೂ ಅದನ್ನು ಹೊಸದಾಗಿ ಎತ್ತುತ್ತದೆ. ಗಿರೀಶ ಕಾಸರವಳ್ಳಿಯವರ ಚಿತ್ರಗಳಲ್ಲಿ ಶಾಟು ಯಾಕೆ ಅಷ್ಟು ಹೊತ್ತು ನಿಲ್ಲುತ್ತದೆ ಎಂದು ಬೇಸರಪಡುವವರಿಗೆ ಬಜಾನ್ ಒಂದು ಉತ್ತರ ಕೊಡುತ್ತಾರೆ.

1975ರಲ್ಲಿ ಲಾರಾ ಮಲ್ವಿ ಎಂಬ ಇಂಗ್ಲೆಂಡಿನ ಲೇಖಕಿ 'ಸ್ಕ್ರೀನ್' ಪತ್ರಿಕೆಯಲ್ಲಿ ಬರೆದ ಲೇಖನ ಇನ್ನೊಂದು ದೊಡ್ಡ ಪ್ರಶ್ನೆ ತಂದಿತು. ಹಾಲಿವುಡ್ ಚಿತ್ರಗಳಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಕ್ಯಾಮೆರಾ ಆ ಗಂಡಿನ ಕಣ್ಣನ್ನೇ ಪ್ರೇಕ್ಷಕನಿಗೂ ಕೊಟ್ಟುಬಿಡುತ್ತದೆ ಎಂದು ಆಕೆ ವಾದಿಸಿದರು. ಈ ಪ್ರಶ್ನೆಯನ್ನು ಹಿಡಿದು ಪುಟ್ಟಣ್ಣ ಕಣಗಾಲರ 'ಶರಪಂಜರ'ವನ್ನು ನೋಡಿ. 1971ರ ಚಿತ್ರ ಅದು, ತ್ರಿವೇಣಿಯವರ ಕಾದಂಬರಿ. ಮನೋರೋಗದ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಗಂಡ, ನೆರೆಹೊರೆ, ಆಳುಕಾಳು ಎಲ್ಲರೂ ನೋಡುವ ಬಗೆಯೇ ಬದಲಾಗಿರುತ್ತದೆ. ಕಥೆ ಹೇಳುತ್ತಿರುವುದೇ ನೋಟ ಒಬ್ಬಳನ್ನು ಹೇಗೆ ಕೊಲ್ಲುತ್ತದೆ ಎಂದು. ಹಾಗಾದರೆ ಕ್ಯಾಮೆರಾ ಯಾರ ಕಡೆಗಿದೆ? ಅವಳ ಕಣ್ಣಿನಿಂದ ಆ ಮನೆಯನ್ನು ನಮಗೆ ತೋರಿಸುತ್ತದೋ, ಮನೆಯವರ ಕಣ್ಣಿನಿಂದ ಅವಳನ್ನು ತೋರಿಸುತ್ತದೋ? ಎಲ್ಲೆಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಜಿಗಿಯುತ್ತದೆ? ಕಾವೇರಿಯಾಗಿ ಕಲ್ಪನಾ ಅವರ ಅಭಿನಯ ಎಲ್ಲಿ ಆ ನೋಟವನ್ನು ಎದುರಿಸಿ ನಿಲ್ಲುತ್ತದೆ? ಒಂದು ವಾರ ಚರ್ಚಿಸಿದರೂ ಮುಗಿಯದ ಪಾಠ ಇದು. ಮಲ್ವಿ ಹೇಳಿದ್ದು ಇಲ್ಲಿ ಪೂರ್ತಿ ಒಪ್ಪುವುದಿಲ್ಲ ಎಂದು ವಿದ್ಯಾರ್ಥಿಗೆ ತೋರಿದರೆ ಅದು ಇನ್ನೂ ಒಳ್ಳೆಯದು. ಸಿದ್ಧಾಂತಕ್ಕೆ ತಲೆಬಾಗಬೇಕಿಲ್ಲ, ಅದರೊಡನೆ ವಾದಕ್ಕೆ ಕೂರಬೇಕು.

ಇಲ್ಲೇ ಒಂದು ಮಾತು ಹೇಳಬೇಕು. ಸಿದ್ಧಾಂತದ ಪರಿಭಾಷೆಯನ್ನು ಮೊದಲು ತುಂಬಿ, ಅದಕ್ಕೆ ಹೊಂದುವ ಸಿನಿಮಾವನ್ನು ಆಮೇಲೆ ಹುಡುಕುವ ಪಾಠಕ್ರಮ ನನಗೆ ಒಪ್ಪಿಗೆಯಿಲ್ಲ. ಅಂಥ ತರಗತಿಯಿಂದ ಹೊರಬಂದವರು ಯಾವ ಚಿತ್ರ ಕಂಡರೂ ಅವೇ ಹತ್ತು ಪದ ಹೇಳುತ್ತಾರೆ. ಒಳ್ಳೆಯ ಮೇಷ್ಟ್ರು ಮೊದಲು ಚಿತ್ರ ತೋರಿಸುತ್ತಾರೆ. ಆಮೇಲೆ ಹತ್ತು ನಿಮಿಷದ ಒಂದು ಭಾಗ ಆರಿಸಿ ಮತ್ತೆ ತೋರಿಸುತ್ತಾರೆ. ಸದ್ದು ಅಡಗಿಸಿ ಒಮ್ಮೆ, ಚಿತ್ರ ಮುಚ್ಚಿ ಬರೀ ಸದ್ದು ಒಮ್ಮೆ. ಪ್ರತಿ ಶಾಟೂ ಎಷ್ಟು ಸೆಕೆಂಡು, ಕ್ಯಾಮೆರಾ ಎಷ್ಟು ದೂರ, ಯಾರ ಎತ್ತರಕ್ಕೆ, ಚಲಿಸುತ್ತದೋ ನಿಂತಿದೆಯೋ ಎಂದು ವಿದ್ಯಾರ್ಥಿಗಳು ಕಾಲಂ ಹಾಕಿ ಬರೆಯುತ್ತಾರೆ. ಬೇಸರದ ಕೆಲಸವೆಂದು ಶುರುವಾದದ್ದು ಸ್ವಲ್ಪ ಹೊತ್ತಿಗೆ ಕಣ್ಣು ತೆರೆಸುತ್ತದೆ.

ಭಾರತದಲ್ಲಿ ಈ ಕ್ರಮವನ್ನು ಒಂದು ಶಿಸ್ತಾಗಿ ಬೆಳೆಸಿದವರು ಸತೀಶ್ ಬಹಾದ್ದೂರ್. ಆಗ್ರಾದಲ್ಲಿ ಅರ್ಥಶಾಸ್ತ್ರ ಕಲಿಸುತ್ತ, ಫಿಲ್ಮ್ ಸೊಸೈಟಿ ನಡೆಸುತ್ತಿದ್ದವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಚಲನಚಿತ್ರ ರಸಗ್ರಹಣದ ಪ್ರಾಧ್ಯಾಪಕರಾಗಿ ಬಂದರು. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊದ ಜಾಗದಲ್ಲಿ ಶುರುವಾದ ಸಂಸ್ಥೆ ಅದು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯನ್ನು ಅವರು ಶಾಟ್ ಶಾಟ್ ಬಿಡಿಸಿ ಪಾಠ ಮಾಡುತ್ತಿದ್ದರು. ಅವರಿಗೆ ಪ್ರಿಂಟು ಒದಗಿಸುತ್ತಿದ್ದವರು ಪಿ.ಕೆ. ನಾಯರ್. 1964ರಲ್ಲಿ ಪುಣೆಯಲ್ಲಿ ಹುಟ್ಟಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಮರುವರ್ಷವೇ ಸೇರಿ, ದೇಶವೆಲ್ಲ ಅಲೆದು, ಗೋದಾಮುಗಳಿಂದ, ಗುಜರಿಯವರಿಂದ, ನಿರ್ಮಾಪಕರ ಮನೆಗಳಿಂದ ಡಬ್ಬಿ ಡಬ್ಬಿ ಫಿಲ್ಮ್ ಕೂಡಿಹಾಕಿದವರು. ಪಾಠ ಮಾಡುವವರು ಒಬ್ಬರು, ಪಾಠದ ಪಠ್ಯ ಉಳಿಸಿದವರು ಇನ್ನೊಬ್ಬರು. ಇಬ್ಬರೂ ಒಂದೇ ಊರಿನಲ್ಲಿದ್ದದ್ದು ಭಾರತೀಯ ಸಿನಿಮಾದ ಭಾಗ್ಯ.

ಆ ಭಾಗ್ಯದಲ್ಲಿ ಮಲೆನಾಡಿನ ಒಂದು ಹಳ್ಳಿಗೂ ಪಾಲು ಸಿಕ್ಕಿತು. ಕೆ.ವಿ. ಸುಬ್ಬಣ್ಣನವರ ನೀನಾಸಮ್ ಹೆಗ್ಗೋಡಿನಲ್ಲಿ ಎಪ್ಪತ್ತರ ದಶಕದಲ್ಲಿ ಚಿತ್ರಸಮಾಜ ಕಟ್ಟಿ ಲೋಕದ ಶ್ರೇಷ್ಠ ಚಿತ್ರಗಳನ್ನು ಅಡಕೆ ಬೆಳೆಗಾರರಿಗೂ ಕೂಲಿ ಮಾಡುವವರಿಗೂ ತೋರಿಸಿತು. 1979ರಿಂದ ಅಲ್ಲಿ ಸತೀಶ್ ಬಹಾದ್ದೂರರ ನೆರವಿನಿಂದ ಚಲನಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಹಳ್ಳಿಯವರಿಗೆ ಜಪಾನಿನ ಕುರೊಸಾವಾ ಯಾಕೆ ಎಂದು ಕೇಳಿದವರಿಗೆ ಅಲ್ಲಿಯ ಪ್ರೇಕ್ಷಕರೇ ಉತ್ತರ ಕೊಟ್ಟರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ನಾಟಕದಷ್ಟೇ ಸಿನಿಮಾದ ಈ ಕೆಲಸವೂ ಅದಕ್ಕೆ ಕಾರಣವಾಗಿತ್ತು. ಬೆಂಗಳೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಟಿ.ಜಿ. ವೈದ್ಯನಾಥನ್ ತಮ್ಮ ಬರಹ, ಪಾಠಗಳಿಂದ ಸಿನಿಮಾ ಕುರಿತ ಗಂಭೀರ ಮಾತಿಗೆ ಒಂದು ತಲೆಮಾರನ್ನೇ ಅಣಿಗೊಳಿಸಿದರು. ಅಂದರೆ ಸಿನಿಮಾ ಓದುವ ಹಸಿವು ಕನ್ನಡಕ್ಕೆ ಹೊರಗಿನಿಂದ ಬರಬೇಕಾಗಿರಲಿಲ್ಲ.

ಆದರೆ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಮೊದಲು ಬಾಗಿಲು ತೆರೆದದ್ದು ಬಂಗಾಳ. 1993ರಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯ ಚಲನಚಿತ್ರ ಅಧ್ಯಯನಕ್ಕೆಂದೇ ವಿಭಾಗ ತೆರೆಯಿತು. ಭಾರತದಲ್ಲಿ ಅದೇ ಮೊದಲು. 1947ರಲ್ಲಿ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದ ಊರು ಅದು, ಆದ್ದರಿಂದ ಆಶ್ಚರ್ಯವಿಲ್ಲ. ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ, ಹೈದರಾಬಾದಿನಲ್ಲಿ ಈ ಅಧ್ಯಯನ ಬೇರುಬಿಟ್ಟಿತು. 1994ರಲ್ಲಿ ಆಶಿಶ್ ರಾಜಾಧ್ಯಕ್ಷ ಹಾಗೂ ಪಾಲ್ ವಿಲ್ಲೆಮನ್ ಅವರ ಭಾರತೀಯ ಸಿನಿಮಾ ವಿಶ್ವಕೋಶ ಹೊರಬಂದು ಸಂಶೋಧಕರ ಕೈಗೆ ಒಂದು ಆಧಾರ ಸಿಕ್ಕಿತು. ಎಂ. ಮಾಧವ ಪ್ರಸಾದ್ 1998ರಲ್ಲಿ ಹಿಂದಿ ಚಿತ್ರಗಳ ಸೈದ್ಧಾಂತಿಕ ನೆಲೆಯ ಬಗ್ಗೆ ಬರೆದರು. 2014ರ ಅವರ 'ಸಿನಿ-ಪಾಲಿಟಿಕ್ಸ್' ನಮಗೆ ಇನ್ನೂ ಹತ್ತಿರದ್ದು. ಎಂ.ಜಿ.ಆರ್., ಎನ್.ಟಿ.ಆರ್. ಜೊತೆಗೆ ನಮ್ಮ ರಾಜಕುಮಾರ್ ಅವರನ್ನೂ ಇಟ್ಟು, ಭಾಷಾವಾರು ರಾಜ್ಯಗಳಲ್ಲಿ ತಾರೆಯೊಬ್ಬ ಒಂದು ಜನಸಮುದಾಯದ ಪ್ರತಿನಿಧಿಯಾಗುವುದು ಹೇಗೆ ಎಂದು ಅವರು ಕೇಳಿದರು. ಗೋಕಾಕ್ ಚಳವಳಿಯಲ್ಲಿ ರಾಜ್ ಬೀದಿಗಿಳಿದದ್ದನ್ನು ಅಭಿಮಾನದಿಂದ ನೆನೆಯುವ ನಮಗೆ, ಅದನ್ನು ಅಭಿಮಾನ ಕಳೆದುಕೊಳ್ಳದೆಯೇ ವಿಚಾರ ಮಾಡುವ ದಾರಿ ಅಲ್ಲಿದೆ. ಆ ಪುಸ್ತಕ ಇಂಗ್ಲಿಷಿನಲ್ಲಿದೆ. ಕನ್ನಡದ ಹುಡುಗರಿಗೆ ಅದು ಕನ್ನಡದಲ್ಲೇ ಸಿಗಬೇಕು.

ನಮ್ಮ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಸಿನಿಮಾ ಕಾಣಿಸಿಕೊಳ್ಳುವುದು ಪತ್ರಿಕೋದ್ಯಮ ಕೋರ್ಸಿನ ಒಂದು ಪಾಠವಾಗಿ, ಇಲ್ಲವೇ ಇಂಗ್ಲಿಷ್ ಎಂ.ಎ.ಯ ಐಚ್ಛಿಕ ವಿಷಯವಾಗಿ. ಕನ್ನಡ ವಿಭಾಗಗಳಲ್ಲಿ ಕಾದಂಬರಿ ಆಧಾರಿತ ಚಿತ್ರಗಳ ಮೇಲೆ ಪಿಎಚ್.ಡಿ. ಪ್ರಬಂಧಗಳು ಬರುತ್ತವೆ, ಅವುಗಳಲ್ಲಿ ಕಾದಂಬರಿಯ ಪಾಲು ದೊಡ್ಡದು, ಕ್ಯಾಮೆರಾದ ಪಾಲು ಸಣ್ಣದು. ಕೆ. ಪುಟ್ಟಸ್ವಾಮಿಯವರ 'ಸಿನಿಮಾ ಯಾನ'ದಂಥ, ರಾಷ್ಟ್ರಪ್ರಶಸ್ತಿ ಪಡೆದ ಕೃತಿ ವಿಶ್ವವಿದ್ಯಾಲಯದ ಆಸರೆಯಿಲ್ಲದೆ ಒಬ್ಬ ಬರಹಗಾರರ ಶ್ರಮದಿಂದ ಬಂತು ಎಂಬುದು ಹೆಮ್ಮೆಯ ಸಂಗತಿಯೂ ಹೌದು, ಚಿಂತಿಸಬೇಕಾದದ್ದೂ ಹೌದು.

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯ, ಕೊಲ್ಹಾಪುರದ ಸ್ಟುಡಿಯೊದಲ್ಲಿ ಚಿತ್ರೀಕರಣ. ಇಷ್ಟೆಲ್ಲ ನಮಗೆ ಗೊತ್ತು, ಚಿತ್ರ ಮಾತ್ರ ಇಲ್ಲ. ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಅಭಿನಯಿಸಿದ್ದ ಮೂಕಿ ಚಿತ್ರ 'ವಸಂತಸೇನಾ' ಕೂಡ ನೋಡಲು ಸಿಗದು. ಕೈಲಾಸಂ ತೆರೆಯ ಮೇಲೆ ಹೇಗೆ ನಡೆದರು, ಹೇಗೆ ನಕ್ಕರು ಎಂದು ತಿಳಿಯುವ ಅವಕಾಶ ಕನ್ನಡಕ್ಕೆ ತಪ್ಪಿಹೋಗಿದೆ. ಇದು ನಮ್ಮೊಬ್ಬರ ನಷ್ಟವಲ್ಲ. 1931ರ 'ಆಲಂ ಆರಾ' ಕೂಡ ಉಳಿದಿಲ್ಲ, ಭಾರತದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಬೆರಳೆಣಿಕೆಯಷ್ಟೇ ಇವೆ. ಐವತ್ತರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳುತ್ತಿತ್ತು. ಓಟ ಮುಗಿದ ಪ್ರಿಂಟುಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಿದರು. 2003ರ ಜನವರಿಯಲ್ಲಿ ಪುಣೆಯಲ್ಲೇ ನೈಟ್ರೇಟ್ ಫಿಲ್ಮುಗಳಿದ್ದ ಕೋಠಿಗೆ ಬೆಂಕಿ ಬಿತ್ತು.

ಚಿತ್ರವೇ ಇಲ್ಲದಾಗ ಚರಿತ್ರೆಕಾರ ಸುತ್ತಲಿನ ಕಾಗದಗಳಿಗೆ ಹೋಗುತ್ತಾನೆ. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಿ ಕಥಾಸಾರಾಂಶ, ನಟವರ್ಗ, ಸ್ಟುಡಿಯೊ ಹೆಸರು ಇರುತ್ತವೆ. ಗಾಡಿಯಲ್ಲಿ ಬ್ಯಾಂಡು ಬಾರಿಸುತ್ತ ಹಂಚಿದ ಕರಪತ್ರ, ಸೆನ್ಸಾರಿನ ದಾಖಲೆ, ಚಿತ್ರಮಂದಿರದ ದಿನದ ಗಳಿಕೆ ಬರೆದಿಡುವ ಡಿಸಿಆರ್ ಪುಸ್ತಕ ಎಲ್ಲವೂ ಆಕರ. 1927-28ರಲ್ಲಿ ಮದ್ರಾಸಿನ ವಕೀಲ ಟಿ. ರಂಗಾಚಾರಿಯಾರ್ ಅಧ್ಯಕ್ಷತೆಯಲ್ಲಿ ಸಿನಿಮಾ ಕುರಿತ ಸಮಿತಿಯೊಂದು ದೇಶವೆಲ್ಲ ಸುತ್ತಿ ನೂರಾರು ಜನರ ಸಾಕ್ಷ್ಯ ದಾಖಲಿಸಿತು. ಯಾರು ಸಿನಿಮಾಕ್ಕೆ ಹೋಗುತ್ತಿದ್ದರು, ಹೆಂಗಸರಿಗೆ ಎಲ್ಲಿ ಜಾಗ, ಟಿಕೆಟ್ಟಿಗೆ ಎಷ್ಟು ಎಂದು ಅದರಲ್ಲಿ ಓದಬಹುದು. ನಮ್ಮ ಟೂರಿಂಗ್ ಟಾಕೀಸುಗಳ ಚರಿತ್ರೆ ಇನ್ನೂ ಬರೆಯಬೇಕಾಗಿದೆ. ನೆಲ, ಬೆಂಚು, ಕುರ್ಚಿ ಎಂದು ವಿಂಗಡಿಸಿದ ಆ ಡೇರೆಯಲ್ಲಿ ಜಾತಿ, ಹಣ, ಹೆಣ್ಣು-ಗಂಡಿನ ಲೆಕ್ಕಾಚಾರ ಕತ್ತಲಲ್ಲಿ ಏನಾಗುತ್ತಿತ್ತು? ಡೇರೆ ನಡೆಸಿದವರು, ಪ್ರೊಜೆಕ್ಟರ್ ತಿರುಗಿಸಿದವರು ಕೆಲವರು ಇನ್ನೂ ಇದ್ದಾರೆ. ಅವರ ಬಳಿ ಕೂತು ಕೇಳುವ ವಿದ್ಯಾರ್ಥಿಗಳು ಈಗಲೇ ಬೇಕು, ಹತ್ತು ವರ್ಷ ತಡೆದರೆ ಆಗದು.

ಉಳಿದದ್ದನ್ನು ಸರಿಯಾಗಿ ನೋಡಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. ಅನಂತಮೂರ್ತಿಯವರ ಕಥೆಯಿಂದ ಕಾಸರವಳ್ಳಿಯವರು ಮಾಡಿದ 'ಘಟಶ್ರಾದ್ಧ' 1977ರ ಸಾಲಿನ ಸ್ವರ್ಣಕಮಲ ಪಡೆದ ಚಿತ್ರ. ಅದರ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಶಿವೇಂದ್ರ ಸಿಂಗ್ ಡುಂಗರಪುರ ಅವರ ಫಿಲ್ಮ್ ಹೆರಿಟೇಜ್ ಫೌಂಡೇಷನ್, ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾ​ಜೆಕ್ಟ್ ಜೊತೆಗೂಡಿ ಅದನ್ನು ಪುನರುದ್ಧಾರ ಮಾಡಿಸಿದವು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆಕಂಡಿತು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣವನ್ನು ಹೊಸ ತಲೆಮಾರು ಈಗ ಅದರ ನಿಜವಾದ ಹದದಲ್ಲಿ ನೋಡಬಹುದು. ನಾಣಿ ಎಂಬ ಹುಡುಗನ ಕಣ್ಣಿಗೆ ಬಿದ್ದಷ್ಟನ್ನೇ ತೋರಿಸಿ, ಅವನಿಗೆ ಅರ್ಥವಾಗದ್ದನ್ನು ನಮಗೆ ಅರ್ಥ ಮಾಡಿಸುವ ಆ ಚಿತ್ರಕ್ಕಿಂತ ಒಳ್ಳೆಯ ಪಠ್ಯ ಕನ್ನಡದ ಸಿನಿಮಾ ತರಗತಿಗೆ ಇಲ್ಲ.

ಕೆಲಸದ ಪ್ರಶ್ನೆ ಉಳಿಯಿತು. ಸಂಗ್ರಹಾಲಯ, ಪುನರುದ್ಧಾರ, ಸಬ್‌ಟೈಟಲ್, ಚಿತ್ರೋತ್ಸವಗಳ ಆಯ್ಕೆ, ಓಟಿಟಿ ಕಂಪನಿಗಳು, ಪತ್ರಿಕೆ, ಅಧ್ಯಾಪನ, ಸಂಶೋಧನೆ ಎಂದು ದಾರಿಗಳಿವೆ. ಕೈತುಂಬ ಸಂಬಳ ಖಂಡಿತ ಎಂದು ನಾನು ಹೇಳುವುದಿಲ್ಲ. ಚರಿತ್ರೆ, ಸಾಹಿತ್ಯ ಓದುವ ಮಕ್ಕಳಿಗೂ ಆ ಖಾತ್ರಿ ಯಾರೂ ಕೊಟ್ಟಿಲ್ಲ. ಮಗಳಿಗೆ ನಿಜವಾದ ಆಸೆ ಇದ್ದರೆ ತಡೆಯಬೇಡಿ. ಪಾಠಪಟ್ಟಿಯಲ್ಲಿ ಎಷ್ಟು ಚಿತ್ರ ತೋರಿಸುತ್ತಾರೆ, ಎಷ್ಟು ಬರೆಯಿಸುತ್ತಾರೆ, ಗ್ರಂಥಾಲಯ ಹೇಗಿದೆ ಎಂದು ವಿಚಾರಿಸಿ ಕಳಿಸಿ.

ನಮ್ಮ ಕುಲಪತಿಗಳಲ್ಲಿ ಒಂದು ಕೋರಿಕೆ: ಕನ್ನಡ, ಇತಿಹಾಸ, ಸಮಾಜಶಾಸ್ತ್ರ ವಿಭಾಗಗಳು ಕೂಡಿ ಒಂದಾದರೂ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಚರಿತ್ರೆಯ ಪೂರ್ಣ ಎಂ.ಎ.ಯನ್ನು ಕನ್ನಡ ಮಾಧ್ಯಮದಲ್ಲಿ ತೆರೆಯಿರಿ, ಅದರ ಪಕ್ಕದಲ್ಲೇ ತಂಪಾದ ಒಂದು ಸಂಗ್ರಹದ ಕೋಣೆ ಇರಲಿ. ಓದುಗರಲ್ಲಿ ಇನ್ನೊಂದು: ನಿಮ್ಮ ಅಟ್ಟದಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ, ಮುಚ್ಚಿದ ಟಾಕೀಸಿನ ಮೂಲೆಯಲ್ಲಿ ಹಾಡಿನ ಪುಸ್ತಕ, ಕರಪತ್ರ, ಡಿಸಿಆರ್, ಸ್ಟಿಲ್ ಫೋಟೊ, ಫಿಲ್ಮ್ ಡಬ್ಬಿ ಏನಿದ್ದರೂ ಗುಜರಿಗೆ ಹಾಕಬೇಡಿ. ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬಂದರೆ ಫಿಲ್ಮು ಕೆಡುತ್ತಿದೆ ಎಂದು ಅರ್ಥ. ಅದನ್ನು ಬಿಚ್ಚಿ ಎಳೆಯಬೇಡಿ, ಬೆಂಕಿಯಿಂದ ದೂರ, ಬಿಸಿಲು ತೇವ ತಾಗದ ತಂಪಾದ ಜಾಗದಲ್ಲಿಟ್ಟು ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ.